ಹ್ಯಾಮ್‌ಸ್ಟರ್‌ಗೆ ನೀರೋ ಮರಳೋ? ಮರಳಾದರೆ ಯಾವ ಮರಳು?

ನಮ್ಮ ಮನೆಯಲ್ಲಿ ಹ್ಯಾಮ್‌ಸ್ಟರ್, ಅಂದರೆ ಇಲಿಯಂಥ ಪುಟ್ಟ ಸಾಕುಪ್ರಾಣಿ, ಒಂದಿದೆ. ಹೆಸರು ಗೇರು. ಮಲಗಿದಾಗ ಗೇರುಬೀಜದ ಹಾಗೇ ಬಾಗಿಕೊಂಡಿರುತ್ತದೆ, ಬಣ್ಣವೂ ಹುರಿದ ಗೇರುಬೀಜದ್ದೇ. ಮಗಳು ಇಟ್ಟ ಹೆಸರು. ಮನೆ ಕಾರವಾರದ ಕೋಡಿಬಾಗದಲ್ಲಿ. ಒಂದು ಕಡೆ ಕಾಳಿ ಹೊಳೆ, ಇನ್ನೊಂದು ಕಡೆ ಸಮುದ್ರ. ನನ್ನ ತವರು ಶಿರಸಿ. ಅಲ್ಲಿ ತಂಗಿಯ ಮಗನ ಹತ್ತಿರವೂ ಒಂದು ಹ್ಯಾಮ್‌ಸ್ಟರ್ ಇದೆ, ರೋಬೊರೊವ್ಸ್ಕಿ ಅನ್ನುವ ಪುಟಾಣಿ ಜಾತಿ. ಹೆಬ್ಬೆರಳಿನಷ್ಟುದ್ದ, ತೂಗಿದರೆ 25 ಗ್ರಾಂ ದಾಟುವುದಿಲ್ಲ. ಹೀಗಾಗಿ ಘಟ್ಟದ ಮೇಲಿನ ಮನೆ, ಘಟ್ಟದ ಕೆಳಗಿನ ಮನೆ ಎರಡರಲ್ಲೂ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅಂತ ನೋಡುವ ಅವಕಾಶ ನನಗೆ ಸಿಕ್ಕಿದೆ.

ಹ್ಯಾಮ್‌ಸ್ಟರ್ ತಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಇದನ್ನು ಮೀಯಿಸುವುದು ಹೇಗೆ? ನಾನೂ ಅದನ್ನೇ ಕೇಳಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ಗೊತ್ತಾಗಿದ್ದು, ಪ್ರಶ್ನೆಯೇ ತಪ್ಪು. ಈ ಪ್ರಾಣಿ ತನ್ನ ಮೈಯನ್ನು ತಾನೇ ನೋಡಿಕೊಳ್ಳುತ್ತದೆ. ನಮ್ಮ ಕಡೆ ಅದರ ಕೂದಲಿಗೆ ನಿಜವಾದ ಶತ್ರು ತೇವ. ಏನೇ ಆರಿಸುವುದಿದ್ದರೂ ಅದು ಜುಲೈ ತಿಂಗಳಲ್ಲಿ ಒಣಗಿರುತ್ತದಾ ಅಂತ ಮೊದಲು ನೋಡಿ. ಕೊಳೆಯ ಮಾತು ಆಮೇಲೆ.

ಇದರ ಹುಟ್ಟೂರು ನೆನಪಿಟ್ಟರೆ ಸಾಕು. ಗೇರು ಸಿರಿಯನ್ ಜಾತಿಯದು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೊ ಊರಿನ ಹತ್ತಿರ ಒಂದು ಹೊಲವನ್ನು ಅಗೆಸಿ, ಬಿಲದಿಂದ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿಸಿದ. ಈಗ ಜಗತ್ತಿನ ಮನೆಮನೆಗಳಲ್ಲಿ ಓಡಾಡುವ ಸಿರಿಯನ್‌ಗಳು ಹೆಚ್ಚುಕಡಿಮೆ ಆ ಒಂದೇ ಬಿಲದ ಸಂತಾನ. ಶಿರಸಿಯ ರೋಬೊ ಮಂಗೋಲಿಯಾ, ಉತ್ತರ ಚೀನಾದ ಮರುಭೂಮಿಯ ಕಡೆಯದು. ಎರಡೂ ಒಣನೆಲದವು. ಅಂಥವನ್ನು ತಂದು ವರ್ಷಕ್ಕೆ 3000 ಮಿಲಿಮೀಟರ್ ಆಚೀಚೆ ಮಳೆ ಸುರಿಯುವ ಊರಲ್ಲಿ ಇಟ್ಟಿದ್ದೇವೆ. ಹೊಂದಿಕೊಳ್ಳಬೇಕಾದವರು ನಾವು, ಅಲ್ವಾ?

ನೀರು, ಪೌಡರ್, ಒದ್ದೆ ಬಟ್ಟೆ, ಬ್ರಶ್

ನೀರಿನ ಕತೆ ಮೊದಲು ಮುಗಿಸುತ್ತೇನೆ, ಅದು ನನ್ನದೇ ತಪ್ಪಿನ ಕತೆ. ಗೇರು ಬಂದ ಮೊದಲ ಆಗಸ್ಟ್. ಮೈ ವಾಸನೆ ಅನ್ನಿಸಿತು. ಉಗುರುಬೆಚ್ಚಗಿನ ನೀರು, ಮಗುವಿನ ಶಾಂಪೂ ಒಂದು ಹನಿ, ಪ್ಲಾಸ್ಟಿಕ್ ಬೋಗುಣಿ. ನೀರಿಗೆ ಇಳಿಸಿದ ಕ್ಷಣವೇ ಮೈ ಅರ್ಧಕ್ಕರ್ಧ ಕುಗ್ಗಿಹೋಯಿತು. ಆ ಗುಂಡು ಮೈಯೆಲ್ಲ ಬರೀ ಕೂದಲೇ ಆಗಿತ್ತು! ಹೊರಗೆ ತೆಗೆದ ಮೇಲೆ ನಡುಕ ನಿಲ್ಲಲಿಲ್ಲ. ಟವೆಲ್‌ನಲ್ಲಿ ಸುತ್ತಿ ಎದೆಗೊತ್ತಿಕೊಂಡು ಕೂತೆ. ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನಕ್ಕೂ ಒಣಗದ ತಿಂಗಳು ಅದು, ಇದರ ಕೂದಲು ಒಣಗುತ್ತದಾ? ಬೆನ್ನು ಒಣಗಿದರೂ ಹೊಟ್ಟೆಯ ಕಡೆ ರಾತ್ರಿವರೆಗೆ ತಂಪಿತ್ತು. ಎರಡು ದಿನ ಸರಿಯಾಗಿ ತಿನ್ನಲಿಲ್ಲ.

ಬದುಕಿಕೊಂಡದ್ದು ಪುಣ್ಯ. ನೂರಿಪ್ಪತ್ತು, ನೂರಮೂವತ್ತು ಗ್ರಾಂ ತೂಕದ ಜೀವಕ್ಕೆ ಮೈ ಒದ್ದೆಯಾದರೆ ಶಾಖ ಬೇಗ ಇಳಿದುಹೋಗುತ್ತದೆ. ತೀರಾ ತಂಪಾದರೆ ಸತ್ತ ಹಾಗೆ ಮರಗಟ್ಟಿ ಮಲಗುವುದೂ ಉಂಟು. ಚರ್ಮದಿಂದ ಬರುವ ಎಣ್ಣೆಯೇ ಕೂದಲಿಗೆ ಕಾವಲು, ಶಾಂಪೂ ಅದನ್ನೂ ತೊಳೆದುಬಿಡುತ್ತದೆ. ಜೊತೆಗೆ ತನ್ನ ಮೈವಾಸನೆ ಕಳೆದುಕೊಂಡ ಹ್ಯಾಮ್‌ಸ್ಟರ್ ಗಾಬರಿಯಾಗುತ್ತದೆ. ಮರಿಗಳಲ್ಲಿ ಇಂಥ ಗಾಬರಿಯ ಬೆನ್ನಿಗೇ ಜೋರು ಭೇದಿ ಶುರುವಾಗಿ, ಒಂದೆರಡು ದಿನದಲ್ಲಿ ಜೀವ ಹೋಗುವುದೂ ಇದೆ. ಬಾಲದ ಸುತ್ತ ಒದ್ದೆಯಾಗಿ ಅಂಟಂಟಾಗಿದ್ದರೆ ಅದನ್ನು ಕೊಳೆ ಅಂತ ತೊಳೆಯುತ್ತ ಕೂರಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಅಂದು ವಾಸನೆ ಬಂದದ್ದು ಗೇರುವಿನಿಂದ ಅಲ್ಲವೇ ಅಲ್ಲ. ಗೂಡಿನ ಮೂಲೆಯಲ್ಲಿ ಉಚ್ಚೆ ಹೀರಿ ಮುದ್ದೆಯಾಗಿದ್ದ ಹಾಸಿನಿಂದ. ಹಾಸು ಬದಲಿಸಿದ್ದರೆ ಮುಗಿದಿತ್ತು.

ಪೌಡರ್: ಬೇಡ. ಮಗುವಿನ ಟಾಲ್ಕಂ ಪೌಡರ್ ಹಚ್ಚಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಷ್ಟು ನುಣ್ಣನೆ ಹುಡಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಕೊಬ್ಬರಿ ಎಣ್ಣೆ: ಇದು ನನ್ನ ಅತ್ತೆಯವರ ಸಲಹೆ. ಕರಾವಳಿಯಲ್ಲಿ ಯಾವ ಕೂದಲಿಗಾದರೂ ಮೊದಲ ಮದ್ದು ಅದೇ ತಾನೆ. ಆದರೆ ಹ್ಯಾಮ್‌ಸ್ಟರ್ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನೆಕ್ಕದೆ ಉಳಿದ ಜಾಗಕ್ಕೆ ಹಾಸಿನ ಹುಡಿಯೆಲ್ಲ ಮೆತ್ತಿಕೊಳ್ಳುತ್ತದೆ. ಕೂದಲಿಗೆ ಹೊಳಪು ಬೇಕಿದ್ದರೆ ಬಾಯಿಯ ಮೂಲಕವೇ ಬರಬೇಕು. ಕಾಳು ಬೆರೆಸಿದ ಒಳ್ಳೆ ಆಹಾರ, ಅದರ ಮೇಲೆ ನಾಲ್ಕು ಕಾಳು ಅಗಸೆ, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಬಿಳಿ ಒಂದು ಚೂರು. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಖುಷಿಯಿಂದ ತಿನ್ನುತ್ತದೆ, ದಪ್ಪವೂ ಆಗುತ್ತದೆ, ಆದರೆ ಕೂದಲು ಒರಟಾಗುತ್ತದೆ. ಮನೆಯಲ್ಲಿ ಒಣಮೀನು ಇದೆ ಅಂತ ಕೊಡಬೇಡಿ, ಉಪ್ಪು ಜಾಸ್ತಿ.

ಒದ್ದೆ ಬಟ್ಟೆಗೆ ಒಂದು ಜಾಗ ಇದೆ. ಬಣ್ಣ, ಅಂಟು, ಅಡುಗೆ ಎಣ್ಣೆ, ಹೀಗೆ ನೆಕ್ಕಬಾರದ್ದು ಮೈಗೆ ತಾಗಿದಾಗ. ಮುದಿಯಾಗಿ ಬೆನ್ನು ಬಗ್ಗಿಸಿ ಹಿಂಭಾಗ ನೆಕ್ಕಿಕೊಳ್ಳಲು ಆಗದಾಗ. ಹಳೇ ಪಂಚೆಯ ಮೆತ್ತನೆ ಚೂರನ್ನು ಬಿಸಿನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಬಿಸಿ ಆರಿದ ಮೇಲೆ ಆ ಜಾಗವನ್ನಷ್ಟೇ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ. ಸೋಪು ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ, ಆ ಸದ್ದಿಗೇ ಅರ್ಧ ಜೀವ ಹೋಗುತ್ತದೆ.

ಬ್ರಶ್ ಉದ್ದ ಕೂದಲಿನ ಸಿರಿಯನ್‌ಗೆ ಮಾತ್ರ. ಅದರಲ್ಲೂ ಗಂಡಿಗೆ ಹಿಂದೆ ಲಂಗ ಉಟ್ಟ ಹಾಗೆ ಕೂದಲು ಜೋಲುತ್ತದೆ, ಹಾಸು ಸಿಕ್ಕಿಕೊಳ್ಳುತ್ತದೆ. ಮಕ್ಕಳ ಮೆತ್ತನೆ ಟೂತ್‌ಬ್ರಶ್ ಸಾಕು. ಗಿಡ್ಡ ಕೂದಲಿನದಕ್ಕೆ ಸುಮ್ನೆ ಕಾಟ.

ಉಳಿದದ್ದು ಮರಳು. ಗೆಲ್ಲುವುದೂ ಅದೇ. ಸಂಜೆ ಏಳೂವರೆಗೆ ಗೇರು ಎದ್ದು ಬಂದರೆ ಮೊದಲು ಹಿಂಗಾಲ ಮೇಲೆ ಕೂರುತ್ತದೆ. ಮುಂಗೈ ಎರಡನ್ನೂ ನೆಕ್ಕಿ, ಕಿವಿಯ ಹಿಂದಿನಿಂದ ಮೂಗಿನ ತುದಿವರೆಗೆ ಒರೆಸುತ್ತದೆ. ಮತ್ತೆ ನೆಕ್ಕುತ್ತದೆ, ಮತ್ತೆ ಒರೆಸುತ್ತದೆ. ಥೇಟ್ ಗಂಧ ಹಚ್ಚಿಕೊಳ್ಳುವ ಭಟ್ಟರು. ಆಮೇಲೆ ಪಕ್ಕೆ, ಹೊಟ್ಟೆ, ಕೊನೆಗೆ ಹಿಂಗಾಲಿನ ಒಂದೊಂದೇ ಬೆರಳು. ಇಷ್ಟಾದ ಮೇಲೆ ಮರಳಿನ ತಟ್ಟೆಗೆ ಇಳಿದು, ಎರಡು ಸಲ ಕೆರೆದು, ಪಕ್ಕಕ್ಕೆ ಬಿದ್ದು ಹೊರಳುತ್ತದೆ. ಮೈಯ ಜಾಸ್ತಿ ಎಣ್ಣೆ ಮರಳಿಗೆ ಹತ್ತಿಕೊಳ್ಳುತ್ತದೆ, ಎದ್ದು ಕೊಡವಿದರೆ ಮರಳೂ ಹೋಯಿತು ಎಣ್ಣೆಯೂ ಹೋಯಿತು. ಶಿರಸಿಯ ರೋಬೊ ಅಂತೂ ಮರಳು ಕಂಡರೆ ಬಿಡುವುದಿಲ್ಲ, ದಿನಕ್ಕೆ ಹತ್ತು ಸಲ ಹೊರಳುತ್ತದೆ. ಮರಳು ಇಲ್ಲದಿದ್ದರೆ ಎರಡೇ ವಾರದಲ್ಲಿ ಅದರ ಕೂದಲು ಎಣ್ಣೆ ಮೆತ್ತಿದ ಹಾಗೆ ಕಾಣುತ್ತದೆ. "ಇಲಿಗೂ ಅಭ್ಯಂಜನವಾ ಕೂಸೇ?" ಅಂತ ಆಯಿ ನಕ್ಕಿದ್ದರು. ಈಗ ಮೊಮ್ಮಗ ಶಾಲೆಗೆ ಹೋದಾಗ ಮರಳು ಜರಡಿ ಹಿಡಿಯುವವರು ಅವರೇ.

ಮರಳಿನ ಲೆಕ್ಕ

ಮರಳು ಅಂದ ಕೂಡಲೇ ಕಾರವಾರದವರಿಗೆ ನಗು ಬರುತ್ತದೆ. ಮನೆಯಿಂದ ಹತ್ತು ನಿಮಿಷ ನಡೆದರೆ ಕಣ್ಣು ಹಾಯುವಷ್ಟು ಉದ್ದ ಮರಳೇ ಇದೆ, ದುಡ್ಡು ಕೊಟ್ಟು ತರುವುದಾ? ನಾನೂ ಹಾಗೇ ಅಂದುಕೊಂಡೆ. ಬೀಚಿನಿಂದ ಒಂದು ಡಬ್ಬಿ ತಂದೆ. ಜರಡಿ ಹಿಡಿದು ಚಿಪ್ಪಿನ ಚೂರು ತೆಗೆದೆ. ಬಾಣಲೆಯಲ್ಲಿ ಅರ್ಧ ಗಂಟೆ ಹುರಿದೆ. ಆರಿಸಿ ತಟ್ಟೆಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ಮರಳು ಒದ್ದೆ. ಉಚ್ಚೆ ಇರಬೇಕು ಅಂತ ತೆಗೆದು ಹೊಸತು ಹಾಕಿದೆ. ಮಾರನೇ ದಿನವೂ ಅದೇ ಪಾಡು. ಮೂರನೇ ದಿನ ಗೂಡಿಗೆ ಹಾಕದೆ ಬರೀ ತಟ್ಟೆಯಲ್ಲಿ ಅಡುಗೆಮನೆಯ ಕಟ್ಟೆ ಮೇಲೆ ಇಟ್ಟೆ. ಆಗಲೂ ತೇವ.

ಕಾರಣ ಕಣ್ಣೆದುರೇ ಇತ್ತು. ಅದೇ ಕಟ್ಟೆಯ ಮೇಲೆ ಸಾಣಿಕಟ್ಟಾ ಉಪ್ಪಿನ ಭರಣಿ. ಮಳೆಗಾಲದಲ್ಲಿ ಹರಳುಪ್ಪು ನೀರು ಬಿಡುತ್ತದಲ್ಲ, ಅದೇ ಲೆಕ್ಕ. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪು ನೀರೆಳೆದುಕೊಂಡು ಕರಗಲು ಶುರುಮಾಡುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಬೇರೆ ಲವಣಗಳು ಅದಕ್ಕೂ ಮೊದಲೇ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಅದಕ್ಕಿಂತ ಒಣಗಿರುವ ದಿನಗಳೇ ಅಪರೂಪ. ಬೀಚಿನ ಮರಳನ್ನು ಎಷ್ಟು ಹುರಿದರೂ ಉಪ್ಪು ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಹೀಗೆ ಗೇರುವಿನ ಮೈ ಒಣಗಿಸಬೇಕಾದ ಮರಳೇ ಮೈಗೆ ತೇವ ಹಚ್ಚುತ್ತಿತ್ತು. ಉಪ್ಪು ಬೇರೆ.

ಸಿಹಿನೀರಲ್ಲಿ ಏಳೆಂಟು ಸಲ ತೊಳೆದರೆ ಉಪ್ಪು ಹೋಗುತ್ತದೆ. ಮಾಡಿ ನೋಡಿದ್ದೇನೆ. ಆದರೆ ಚಿಪ್ಪಿನ ಸಣ್ಣ ಚೂರು ಜರಡಿಯಲ್ಲೂ ದಾಟಿ ಬರುತ್ತದೆ, ಅವುಗಳ ಅಂಚು ಚೂಪು. ಹ್ಯಾಮ್‌ಸ್ಟರ್ ಸಿಕ್ಕಿದ್ದನ್ನೆಲ್ಲ ಕೆನ್ನೆಯ ಚೀಲಕ್ಕೆ ತುಂಬುವ ಪ್ರಾಣಿ. ಜೊತೆಗೆ ಬೀಚಿನಲ್ಲಿ ನಾಯಿ, ದನ, ಜನ ಎಲ್ಲ ಓಡಾಡುತ್ತಾರೆ. ಇಷ್ಟೆಲ್ಲ ಮಾಡುವ ತಾಳ್ಮೆ ಇದ್ದವರಿಗೆ ಬೇರೆ ಸುಲಭದ ದಾರಿಯೇ ಇದೆ.

ಮಗಳಿಗೆ ಮಾಜಾಳಿ ಹತ್ತಿರದ ತಿಳಮಾತಿಯ ಕಪ್ಪು ಮರಳು ಬೇಕಿತ್ತು. ಎಳ್ಳಿನ ಹಾಗೆ ಕಾಳುಕಾಳಾಗಿ, ಕೈಗೆ ಮೆತ್ತದೆ ಜಾರುವ ಮರಳು ಅದು. ನೋಡಲು ಚಂದ, ನಿಜ. ಅದೂ ಸಮುದ್ರದ ಮರಳೇ, ಉಪ್ಪಿನ ಕತೆ ಅಲ್ಲೂ ತಪ್ಪಿದ್ದಲ್ಲ. ಇನ್ನೊಂದು ತೊಂದರೆ, ಕಪ್ಪು ಮರಳಲ್ಲಿ ಉಚ್ಚೆಯ ಉಂಡೆ, ಹಿಕ್ಕೆ ಯಾವುದೂ ಕಾಣುವುದಿಲ್ಲ. ಮರಳು ತಿಳಿ ಬಣ್ಣದ್ದೇ ಇರಲಿ. ಆ ಕಪ್ಪು ಮರಳು ಅಲ್ಲೇ ಇದ್ದರೆ ಚಂದ, ಇರುವುದೇ ಅಷ್ಟು ಚಿಕ್ಕ ಜಾಗದಲ್ಲಿ.

ಹೊಳೆ ಮರಳು ಬೀಚಿನದಕ್ಕಿಂತ ಎಷ್ಟೋ ವಾಸಿ. ಆದರೆ ಯಾವ ಹೊಳೆ, ಹೊಳೆಯ ಯಾವ ಭಾಗ ಅಂತ ನೋಡಬೇಕು. ಕೋಡಿಬಾಗದಲ್ಲಿ ಕಾಳಿಗೆ ಭರತದ ಉಪ್ಪುನೀರು ನುಗ್ಗುತ್ತದೆ, ಹೆಸರಿಗೆ ಹೊಳೆ, ರುಚಿಗೆ ಸಮುದ್ರ. ಘಟ್ಟದ ಮೇಲೆ ಶಾಲ್ಮಲೆಯಂಥ ಸಿಹಿನೀರಿನ ಹೊಳೆಯ ಮರಳಾದರೆ ಉಪ್ಪಿಲ್ಲ, ಮಣ್ಣು ಇರುತ್ತದೆ. ಶಿರಸಿಯಲ್ಲಿ ತಂಗಿ ಮಾಡುವುದು ಹೀಗೆ: ಮೊದಲು ಚಹಾ ಸೋಸುವ ಜಾಲರಿಯಂಥ ಸಣ್ಣ ಜರಡಿಯಲ್ಲಿ ಹರಳು ತೆಗೆಯುವುದು. ಅಕ್ಕಿ ತೊಳೆದ ಹಾಗೆ, ಮೇಲಿನ ನೀರು ತಿಳಿಯಾಗುವವರೆಗೆ ತೊಳೆಯುವುದು. ಕಲಕಿದ ಕೂಡಲೇ ಮೇಲೇಳುವ ಕೆಂಪು ನೀರೇ ಮುಂದೆ ಒಣಗಿ ಧೂಳಾಗುವುದು, ಅದನ್ನು ಪೂರ್ತಿ ಚೆಲ್ಲಬೇಕು. ಆಮೇಲೆ ಹಳೇ ಕಬ್ಬಿಣದ ಬಾಣಲೆಯಲ್ಲಿ ಕೈಯಾಡಿಸುತ್ತ ಹುರಿಯುವುದು. ಮಾರಿಕಾಂಬಾ ಜಾತ್ರೆಯಲ್ಲಿ ಶೇಂಗಾ ಹುರಿಯುವವರ ಮರಳು ನೋಡಿದ್ದೀರಲ್ಲ, ಸೌಟಿನಿಂದ ಸುರಿದರೆ ನೀರಿನ ಹಾಗೆ ಜಾರುತ್ತದೆ. ಆ ಹದ ಬರಬೇಕು. ಪೂರ್ತಿ ಆರಿದ ಮೇಲೆಯೇ ಗೂಡಿಗೆ. ಹೊರಗೆ ತಣ್ಣಗೆ ಕಂಡರೂ ಅಡಿಯಲ್ಲಿ ಸುಡುತ್ತಿರುತ್ತದೆ, ಕೈ ಒಳಗೆ ಹಾಕಿ ನೋಡಿ.

ಈಗ ಮನೆ ಕಟ್ಟುವ ಕಡೆಯೆಲ್ಲ ಎಂ-ಸ್ಯಾಂಡ್ ರಾಶಿ ಬಿದ್ದಿರುತ್ತದೆ. ಅದನ್ನು ಮುಟ್ಟಬೇಡಿ. ಬಂಡೆ ಪುಡಿ ಮಾಡಿದ್ದು ಅದು, ಹೊಳೆಯಲ್ಲಿ ಉರುಳಿ ದುಂಡಗಾದ ಮರಳಲ್ಲ. ಒಂದೊಂದು ಕಾಳಿಗೂ ಮೂಲೆ, ಜೊತೆಗೆ ಸಿಮೆಂಟಿನಷ್ಟು ನುಣ್ಣನೆ ಹುಡಿ.

ಅಂಗಡಿಯ ಮರಳಿಗೆ ಬರೋಣ. ಇಲ್ಲಿ ಮೂರು ಬಗೆ ಸಿಗುತ್ತವೆ, ಮೂರಕ್ಕೂ ಒಂದೇ ಥರದ ಚಿತ್ರದ ಪ್ಯಾಕೆಟ್.

ಒಂದು, ಚಿಂಚಿಲ್ಲಾ ಡಸ್ಟ್. ಹೆಸರಲ್ಲೇ ಧೂಳು ಅಂತ ಇದೆ. ಚಿಂಚಿಲ್ಲಾ ದಟ್ಟ ಕೂದಲಿನ ದೊಡ್ಡ ಪ್ರಾಣಿ, ಅದಕ್ಕೆ ಮಾಡಿದ್ದು. ಒಂದು ಅಂಗಡಿಯವರು ನನಗೆ "ಇದೇ ಹ್ಯಾಮ್‌ಸ್ಟರ್ ಮರಳು" ಅಂತ ಕೊಟ್ಟದ್ದು ಇದನ್ನೇ. ಗೇರು ಹೊರಳಿದಾಗ ಬಿಸಿಲ ಕೋಲಿನಲ್ಲಿ ಹೊಗೆ ಎದ್ದಂತೆ ಕಂಡಿತು. ಎರಡನೇ ದಿನದಿಂದ ಚಿಕ್ಕ ಚಿಕ್ಕ ಸೀನು. ತೆಗೆದ ಮೇಲೆ ನಿಂತಿತು.

ಎರಡು, ಹಲ್ಲಿ-ಓತಿಕ್ಯಾತದ ಜಾತಿಯವನ್ನು ಸಾಕುವವರಿಗೆ ಅಂತ ಮಾರುವ ಕ್ಯಾಲ್ಸಿಯಂ ಮರಳು. ಒದ್ದೆಯಾದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೆನ್ನೆಯ ಚೀಲದಲ್ಲೋ ಹೊಟ್ಟೆಯಲ್ಲೋ ಹಾಗಾದರೆ ಕಷ್ಟ.

ಮೂರು, ಮೀನಿನ ತೊಟ್ಟಿಯ ಸಾಮಾನು ಮಾರುವಲ್ಲಿ ಸಿಗುವ, ಬಣ್ಣ ಹಾಕದ ಸಣ್ಣ ಮರಳು. ಮೊದಲೇ ತೊಳೆದಿರುತ್ತದೆ, ಕಾಳು ದುಂಡಗೆ, ಉಪ್ಪಿಲ್ಲ. ಮನೆಗೆ ತಂದು ಇನ್ನೊಂದು ಸಲ ತೊಳೆದು ಹುರಿದರೆ ಮುಗಿಯಿತು. ನನ್ನ ಮತ ಇದಕ್ಕೇ. ಒಂದು ಪ್ಯಾಕೆಟ್ ತಂದರೆ ಜರಡಿ ಹಿಡಿದು, ತೊಳೆದು, ಮತ್ತೆ ಮತ್ತೆ ಬಳಸಬಹುದು. ನೀಲಿ, ಗುಲಾಬಿ ಬಣ್ಣದ್ದು ಮಾತ್ರ ಬೇಡ, ಮಕ್ಕಳು ಎಷ್ಟೇ ಹಟ ಮಾಡಲಿ.

ಯಾವ ಮರಳು ಅಂತ ಗೊತ್ತಾಗದಿದ್ದರೆ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಮುಷ್ಟಿಯನ್ನು ಒಂದಡಿ ಎತ್ತರದಿಂದ ತಟ್ಟೆಗೆ ಸುರಿಯಿರಿ, ಕಿಟಕಿಯ ಬೆಳಕಿಗೆ ಅಡ್ಡವಾಗಿ ನೋಡಿ. ಹೊಗೆಯಾಡಿದರೆ ಬೇಡ. ಒಂದು ಚಮಚ ಮರಳಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ, ಅಂದರೆ ಚಿಪ್ಪಿನ ಚೂರು ಅಥವಾ ಕ್ಯಾಲ್ಸಿಯಂ ಮರಳು. ಕೊನೆಯದು ನಮ್ಮ ಊರಿನದೇ ಪರೀಕ್ಷೆ: ಹುರಿದ ಮರಳನ್ನು ಮಳೆಯ ರಾತ್ರಿ ಕಾಗದದ ಮೇಲೆ ಹರಡಿಡಿ. ಬೆಳಿಗ್ಗೆ ಕಾಗದಕ್ಕೆ ತೇವದ ಕಲೆ ಹತ್ತಿದ್ದರೆ ಉಪ್ಪು ಇನ್ನೂ ಇದೆ.

ತಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಂಗಾಣಿ ಅಥವಾ ಗಾಜಿನದು ಇರಲಿ, ಪ್ಲಾಸ್ಟಿಕ್ ಕಡಿಯುತ್ತದೆ. ಗೇರು ಆರಾಮಾಗಿ ತಿರುಗುವಷ್ಟು ಅಗಲ, ಮರಳು ಮೂರು ಸೆಂಟಿಮೀಟರ್ ಆಳ. ದಿನಾ ಉಂಡೆ ತೆಗೆಯುವುದು, ವಾರಕ್ಕೊಮ್ಮೆ ಪೂರ್ತಿ ಬದಲು. ಹಲವು ಹ್ಯಾಮ್‌ಸ್ಟರ್‌ಗಳು ಮರಳನ್ನೇ ಶೌಚಾಲಯ ಮಾಡಿಕೊಳ್ಳುತ್ತವೆ. ಬೇಜಾರು ಬೇಡ, ಒಂದೇ ಕಡೆ ಮಾಡಿದರೆ ಉಳಿದ ಹಾಸು ಒಣಗಿರುತ್ತದೆ.

ಮಳೆಗಾಲದ ಹಾಸು

ಮರಳಿನಲ್ಲಿ ದಿನಕ್ಕೆ ಹತ್ತು ನಿಮಿಷ, ಹಾಸಿನಲ್ಲಿ ಉಳಿದ ಹೊತ್ತೆಲ್ಲ. ಹಾಸು ಕೆಟ್ಟರೆ ಮರಳು ಏನೂ ಮಾಡಲಾರದು.

ನಮ್ಮ ಜಿಲ್ಲೆಯಲ್ಲಿ ಮರದ ಮಿಲ್ಲಿಗೆ ಬರವಿಲ್ಲ, ಹುಡಿ ಪುಕ್ಕಟೆ ಸಿಗುತ್ತದೆ. ಅಲ್ಲೇ ತಪ್ಪುವುದು. ಮಿಲ್ಲಿನ ಹುಡಿಯಲ್ಲಿ ಯಾವ ಮರ ಎಷ್ಟು ಅಂತ ಮಿಲ್ಲಿನವರಿಗೂ ಗೊತ್ತಿರುವುದಿಲ್ಲ. ತೇಗ ಇರಬಹುದು, ಅಕೇಶಿಯಾ ಇರಬಹುದು, ಪ್ಲೈವುಡ್ಡಿನ ಅಂಟೂ ಇರಬಹುದು. ತೇಗದ ಹುಡಿಗೆ ಬಡಿಗರ ಕೈಯೇ ತುರಿಸಿ ಕೆಂಪಾಗುತ್ತದೆ, ಮೂರು ಹೊತ್ತೂ ಅದರಲ್ಲೇ ಮಲಗುವ ಪ್ರಾಣಿಯ ಪಾಡೇನು? ಮರದ್ದೇ ಬೇಕಿದ್ದರೆ ಸಾಕುಪ್ರಾಣಿಗೆ ಅಂತಲೇ ಮಾರುವ, ಹುಡಿಯಿಲ್ಲದ ಆಸ್ಪೆನ್ ಸಿಪ್ಪೆ ತನ್ನಿ. ಘಮಘಮ ಅನ್ನುವ ಸೀಡರ್ ಬೇಡ, ಆ ಘಮವೇ ಶ್ವಾಸಕ್ಕೆ ಕೆಟ್ಟದ್ದು.

ಭತ್ತದ ಹೊಟ್ಟು ಚುಚ್ಚುತ್ತದೆ, ಹುಡಿಯೂ ಹೌದು. ತೆಂಗಿನ ನಾರಿನ ಪುಡಿ, ಅದೇ ಕೊಕೊಪೀಟ್, ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಳ್ಳುವುದೇ ಅದರ ಗುಣ, ಗಿಡಗಳಿಗೆ ಹಾಕುವುದೂ ಅದಕ್ಕೇ. ವಾರದಲ್ಲಿ ಬೂಷ್ಟು. ಹಳೇ ದಿನಪತ್ರಿಕೆಯ ಮಸಿ ತಿಳಿ ಬಣ್ಣದ ಹೊಟ್ಟೆಗೆ ಹತ್ತುತ್ತದೆ. ಗೂಡು ಕಟ್ಟಲು ಅಂತ ಮಾರುವ ಹತ್ತಿ ಬೇಡ, ಎಳೆ ಕಾಲಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ, ನುಂಗಿದರೆ ಇನ್ನೂ ಕಷ್ಟ.

ಉಳಿದದ್ದು ಕಾಗದದ ತಿರುಳಿನಿಂದ ಮಾಡಿದ ಹಾಸು. ದುಬಾರಿ. ನಾನು ಅದನ್ನು ಅಡಿಗೆ ಹಾಕಿ, ಮೇಲಿನ ಗೂಡಿಗೆ ಪರಿಮಳವಿಲ್ಲದ ಬಿಳಿ ಟಿಶ್ಯೂ ಹರಿದು ಕೊಡುತ್ತೇನೆ. ಜುಲೈನಲ್ಲಿ ಅದೂ ರಾತ್ರಿ ಬೆಳಗಾಗುವುದರಲ್ಲಿ ಡಬ್ಬಿಯ ಹೊರಗಿಟ್ಟ ಹಪ್ಪಳದಂತೆ ಮೆತ್ತಗಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ, ಆದರೆ ಬೇಗ ಬೇಗ ಬದಲಿಸುತ್ತೇನೆ. ಒಂದೇ ಸಲ ಪೂರ್ತಿ ತೆಗೆಯಬೇಡಿ. ಮೂರನೇ ಒಂದು ಪಾಲು ಒಣ ಹಳೆಯದು ಉಳಿದರೆ ಅದರದೇ ವಾಸನೆ ಇರುತ್ತದೆ, ಗಾಬರಿಯಾಗುವುದಿಲ್ಲ. ಗೂಡನ್ನು ಗೋಡೆಗೆ ತಾಗಿಸಿ ಇಡಬೇಡಿ, ನಮ್ಮ ಕಡೆ ಗೋಡೆಗಳೂ ಬೆವರುತ್ತವೆ. ಗಾಜಿನ ತೊಟ್ಟಿಗಿಂತ ಮೇಲೆ ಪೂರ್ತಿ ಜಾಲರಿ ಇರುವ ಗೂಡು ಕರಾವಳಿಗೆ ಒಳ್ಳೆಯದು. ಶಿರಸಿಯಲ್ಲಿ ಡಿಸೆಂಬರ್ ಚಳಿಗೆ ಗಾಜೇ ಬೆಚ್ಚಗೆ.

ಕೊಟ್ಟಿಗೆಯ ಒಣಹುಲ್ಲು, ಬೆಟ್ಟದ ದರಕು (ಉದುರಿದ ಒಣ ಎಲೆ) ತಂದು ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಉಣುಗು ಬರುತ್ತದೆ.

ಎರಡು ಕಪ್ಪು ಚುಕ್ಕೆ

ಉಣುಗಿನ ಮಾತು ಬಂತಲ್ಲ, ಒಂದು ದಿನ ನಮ್ಮ ಮನೆಯಲ್ಲಿ ಅದೇ ರಾದ್ಧಾಂತ. ಆಯಿ ಶಿರಸಿಯಿಂದ ಬಂದಿದ್ದರು. ಮೊಮ್ಮಗಳ ಕೈಯಲ್ಲಿದ್ದ ಗೇರುವಿನ ಸೊಂಟದ ಹತ್ತಿರ ಕೂದಲು ಸರಿಸಿ ನೋಡಿದವರು ಕೂಗಿಯೇಬಿಟ್ಟರು. ಕಪ್ಪಗೆ, ಸ್ವಲ್ಪ ಉಬ್ಬಿದ, ಎಳ್ಳಿಗಿಂತ ದೊಡ್ಡ ಗುರುತು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಕಂಡ ಸೀಮೆಯವರಿಗೆ ಉಣುಗು ಅಂದರೆ ತಮಾಷೆಯಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, ಸಿದ್ದಾಪುರ, ಹೊನ್ನಾವರದ ಕಡೆ ಈಗಲೂ ಬೇಸಿಗೆ ಬಂತೆಂದರೆ ಜನ ಕಾಡಿಗೆ ಹೋಗಲು ಹೆದರುತ್ತಾರೆ. ಆಯಿ ಚಿಮಟ ತಂದು ಕೀಳಲು ತಯಾರು.

ಕೀಳಲಿಲ್ಲ, ಪುಣ್ಯಕ್ಕೆ. ಮಗಳು ಇನ್ನೊಂದು ಬದಿ ತಿರುಗಿಸಿದಳು, ಅಲ್ಲೂ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಚುಕ್ಕೆ. ಉಣುಗು ಎಲ್ಲಾದರೂ ಅಳತೆ ಹಿಡಿದು ಜೋಡಿಯಾಗಿ ಕೂರುತ್ತದಾ? ಅವು ಸಿರಿಯನ್ ಹ್ಯಾಮ್‌ಸ್ಟರ್‌ನ ವಾಸನೆ ಗ್ರಂಥಿಗಳು. ಎರಡೂ ಪಕ್ಕೆಗೆ ಒಂದೊಂದು, ಗಂಡಿಗೆ ಎದ್ದು ಕಾಣುತ್ತವೆ, ಕೆಲವೊಮ್ಮೆ ಅದರ ಸುತ್ತ ಕೂದಲು ಒದ್ದೆಯಾಗಿರುತ್ತದೆ. ಪುಟಾಣಿ ಜಾತಿಗಳಲ್ಲಿ ಇದೇ ಗ್ರಂಥಿ ಹೊಟ್ಟೆಯ ನಡುವೆ ಒಂದೇ ಇರುತ್ತದೆ, ಹಳದಿ ಹಕ್ಕಳೆಯ ಹಾಗೆ ಕಾಣಬಹುದು. ಗಾಯ ಅಂತ ಅರಿಶಿನ ಹಚ್ಚಬೇಡಿ.

ನಿಜವಾದ ತೊಂದರೆ ಬೇರೆ ಥರ ಕಾಣುತ್ತದೆ. ಕೂದಲು ತೆಳ್ಳಗಾಗಿ ಹೊಟ್ಟು ಏಳುವುದು, ಬಿಡದೆ ಕೆರೆದುಕೊಳ್ಳುವುದು: ನುಸಿ ಇರಬಹುದು. ಮುದಿ ಪ್ರಾಣಿಗಳಲ್ಲಿ, ಬೇರೆ ಕಾಯಿಲೆಯಿಂದ ಸೊರಗಿದವುಗಳಲ್ಲಿ ಜಾಸ್ತಿ. ದುಂಡಗೆ ಕೂದಲು ಉದುರಿ ಅಂಚಿನಲ್ಲಿ ಸಿಪ್ಪೆ ಎದ್ದರೆ ಗಜಕರ್ಣ, ಮಕ್ಕಳಿಗೂ ಹತ್ತುತ್ತದೆ, ಕೈ ತೊಳೆಯಿರಿ. ಮೂಗಿನ ಮೇಲೆ ಮಾತ್ರ ಬೋಳಾಗಿದ್ದರೆ ಸರಳು ಕಡಿದು ಉಜ್ಜಿಕೊಂಡದ್ದು, ಗೂಡು ಚಿಕ್ಕದಾಗಿದೆ ಅಂತ ಅರ್ಥ. ಎರಡೂ ಪಕ್ಕೆಯಲ್ಲಿ ಸಮಸಮ ಕೂದಲು ಹೋಗುತ್ತ ಬಂದರೆ ಹಾರ್ಮೋನಿನ ತೊಂದರೆಯೂ ಆಗಿರಬಹುದು.

ಇಲ್ಲಿ ಮನೆಮದ್ದು ಮತ್ತು ಡಾಕ್ಟರ್ ಮಧ್ಯೆ ಹೋಲಿಕೆಗೆ ನಾನು ಕೂರುವುದಿಲ್ಲ. ಬೇವಿನ ಎಲೆ ಕುದಿಸಿದ ನೀರು ಅಂದರೂ ಅದು ನೀರೇ, ಮೊದಲು ಹೇಳಿದ ಕತೆಯೇ. ನಾಯಿಗೆ ಹಾಕುವ ಉಣುಗಿನ ಪೌಡರ್, ಬೆನ್ನಿಗೆ ಬಿಡುವ ಹನಿ ಔಷಧಿ ಇವು ಇಷ್ಟು ಚಿಕ್ಕ ಮೈಗೆ ವಿಷ. ನುಸಿಗೆ ಡಾಕ್ಟರ್ ಐವರ್‌ಮೆಕ್ಟಿನ್ ಕೊಡುವುದುಂಟು, ಆದರೆ ಗ್ರಾಂ ಲೆಕ್ಕದಲ್ಲಿ ತೂಗಿ. ದನಕ್ಕೆ ತಂದ ಬಾಟಲಿ ಮನೆಯಲ್ಲಿದೆ ಅಂತ ಅಂದಾಜಿನಲ್ಲಿ ಹಾಕುವ ಕೆಲಸವಲ್ಲ. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ಆಕಳು, ಎಮ್ಮೆ, ನಾಯಿಯೇ ಹೆಚ್ಚು. ಹೋಗುವ ಮೊದಲು ಫೋನ್ ಮಾಡಿ, ಇಂಥ ಚಿಕ್ಕ ಪ್ರಾಣಿ ನೋಡುತ್ತೀರಾ ಅಂತ ಕೇಳಿ. ಇಲ್ಲದಿದ್ದರೆ ಕಾರವಾರದವರಿಗೆ ಮಡಗಾಂವ್, ಶಿರಸಿಯವರಿಗೆ ಹುಬ್ಬಳ್ಳಿ. ಡಬ್ಬಿಯಲ್ಲಿ ಅದರದೇ ಹಳೇ ಹಾಸು ಒಂದು ಮುಷ್ಟಿ, ನೀರಿನ ಬದಲು ಸೌತೆಕಾಯಿ ಚೂರು ಹಾಕಿಕೊಂಡು ಹೋಗಿ. ಬಾಟಲಿ ಬಸ್ಸಿನಲ್ಲಿ ಅಲುಗಿ ಹಾಸೆಲ್ಲ ಒದ್ದೆ ಮಾಡುತ್ತದೆ.

ಈಗ ನಾನು ಮೇ ಕೊನೆಯ ಬಿಸಿಲಲ್ಲೇ ಮರಳಿನ ಕೆಲಸ ಮುಗಿಸಿಬಿಡುತ್ತೇನೆ. ತೊಳೆದು, ಅಂಗಳದಲ್ಲಿ ಹಪ್ಪಳ, ಸಂಡಿಗೆಯ ಪಕ್ಕದಲ್ಲೇ ಹರಡಿ, ಒಣಗಿದ ಮೇಲೆ ಹುರಿದು, ಗಾಳಿಯಾಡದ ಎರಡು ಸ್ಟೀಲ್ ಡಬ್ಬಿಗೆ ತುಂಬಿ ಅಡುಗೆಮನೆಯ ಕಪಾಟಿನಲ್ಲಿ ಇಡುವುದು. ಮಳೆಗಾಲ ಪೂರ್ತಿ ಅಷ್ಟು ಸಾಕಾಗುತ್ತದೆ. ಡಬ್ಬಿಗೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿಡಿ. ಹೋದ ವರ್ಷ ಅಂಟಿಸಿರಲಿಲ್ಲ. ಅತ್ತೆಯವರು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ, ರವೆ ಅಂತ ಅದನ್ನೇ ಎರಡು ಲೋಟ ಅಳೆದು ಹುರಿಯಲು ಇಟ್ಟಿದ್ದರು. "ಎಷ್ಟು ಹೊತ್ತಾದರೂ ಘಮವೇ ಬರುತ್ತಿಲ್ಲವಲ್ಲೇ" ಅಂತ ಕರೆದಾಗಲೇ ನನಗೆ ಗೊತ್ತಾಗಿದ್ದು.